ಶಿಲ್ಪಿ ರೆಂಜಾಳ ಗೋಪಾಲ ಶೆಣೈ

ಜೀವಂತ ಶರೀರದ ಸಮತೋಲವನ್ನು ಒಳಕಿವಿಯು ಕಾಯುತ್ತದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಶಿಲಾಮೂರ್ತಿಯ ಸಮತೋಲವನ್ನು ಕಾಯಬೇಕಾದವನು ಶಿಲ್ಪಿಯೇ. ಕಾರ್ಕಳದ ರೆಂಜಾಳ ಗೋಪಾಲ ಶೆಣೈಯವರು (1896–1985) ಅಂತಹ ಹೊಣೆಯೊಂದನ್ನು ಹೊತ್ತುದು ಎಪ್ಪತ್ತರ ವಯಸ್ಸಿನಲ್ಲಿ. ಅವರ ಊರಿನ ಬೆಟ್ಟದ ಮೇಲೆ 1432ರಿಂದಲೂ 42 ಅಡಿಯ ಗೊಮ್ಮಟನು ನಿಂತಿರುವನು. ಧರ್ಮಸ್ಥಳದಲ್ಲಿಯೂ ಬಾಹುಬಲಿಯನ್ನು ನಿಲ್ಲಿಸಬೇಕೆಂದು ರತ್ನವರ್ಮ ಹೆಗ್ಗಡೆಯವರು ಸಂಕಲ್ಪಿಸಲು, 1967ರಲ್ಲಿ ಕಾರ್ಕಳದ ಬಂಡೆಯೊಂದರ ಮೇಲೆ ಶೆಣೈಯವರ ಉಳಿ ನಾದಗೈಯಿತು. ಮರುವರ್ಷವೇ ಹೆಗ್ಗಡೆಯವರು ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ಕೆತ್ತಿ ತೆಗೆದ ಕಲ್ಲನ್ನು ಮರಳಿ ಕೂಡಿಸಲಾಗದು. ಒಂದು ಪೆಟ್ಟು ತಪ್ಪಿದರೆ ವರ್ಷಗಳ ಶ್ರಮವೆಲ್ಲ ವ್ಯರ್ಥ. 1973ರ ವೇಳೆಗೆ 39 ಅಡಿಯ ಏಕಶಿಲಾಮೂರ್ತಿಯು ಸಿದ್ಧವಾಗಿ ಧರ್ಮಸ್ಥಳವನ್ನು ಸೇರಿತು. 1982ರಲ್ಲಿ ಅದರ ಪ್ರತಿಷ್ಠೆಯು ಜರುಗಿದಾಗ ಶೆಣೈಯವರಿಗೆ ಎಂಬತ್ತೈದು ದಾಟಿತ್ತು. ಸಂಕಲ್ಪಿಸಿದವರು ಕಾಣದ ಆ ದಿನವನ್ನು ಕೆತ್ತಿದವರು ಕಂಡರು. ಮಳೆಗಾಲಗಳೆಷ್ಟೋ ಕಳೆದರೂ ಮೂರ್ತಿಯು ನೆಟ್ಟಗೆ ನಿಂತಿದೆ.