ಸಂಗೀತ ಶಾಲೆಗೆ ಹೋಗದ ಸಂಗೀತದ ಮೇಷ್ಟ್ರು: ಆರ್ನಾಲ್ಡ್ ಷೋನ್‌ಬರ್ಗ್

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದ ದಿಕ್ಕನ್ನೇ ಬದಲಿಸಿದ ಆರ್ನಾಲ್ಡ್ ಷೋನ್‌ಬರ್ಗ್ ಯಾವ ಸಂಗೀತ ಕಾಲೇಜಿನಲ್ಲೂ ಓದಿದವರಲ್ಲ. ನಮ್ಮ ವಯಸ್ಸಿನಲ್ಲಿ ಅವರು ಶಾಲೆ ಬಿಟ್ಟು ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದರು. ವಾಣಿಜ್ಯ ವಿಭಾಗದಲ್ಲಿ ಓದುತ್ತಿರುವ ನನಗೆ ಅವರ ಬಗ್ಗೆ ಮೊದಲು ಕುತೂಹಲ ಹುಟ್ಟಿಸಿದ್ದು ಈ ಸಂಗತಿಯೇ.

ಷೋನ್‌ಬರ್ಗ್ ಹುಟ್ಟಿದ್ದು 1874ರ ಸೆಪ್ಟೆಂಬರ್ 13ರಂದು, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ. ಸಾಧಾರಣ ಯಹೂದಿ ಕುಟುಂಬ. ತಂದೆ ಸ್ಯಾಮುಯೆಲ್ ಅವರಿಗೆ ಪಾದರಕ್ಷೆಯ ಅಂಗಡಿಯಿತ್ತು. ಎಂಟನೆಯ ವಯಸ್ಸಿನಲ್ಲಿ ಪಿಟೀಲು ಕಲಿಯತೊಡಗಿದ ಹುಡುಗ ಬೇಗನೆ ತಾನೇ ಪುಟ್ಟ ಪುಟ್ಟ ರಚನೆಗಳನ್ನು ಬರೆಯತೊಡಗಿದ. ಸೊನಾಟ ಎಂಬ ಸಂಗೀತ ಪ್ರಕಾರವನ್ನು ಬರೆಯುವುದು ಹೇಗೆಂದು ಹೇಳಿಕೊಡುವವರು ಇರಲಿಲ್ಲ. ಕಂತು ಕಂತಾಗಿ ಬರುತ್ತಿದ್ದ ವಿಶ್ವಕೋಶದಲ್ಲಿ ‘ಎಸ್’ ಅಕ್ಷರದ ಸಂಪುಟ ಬರುವವರೆಗೂ ಕಾದು, ಅದನ್ನು ಓದಿ ಕಲಿತ.

ಹದಿನೈದು ತುಂಬಿದ ಸ್ವಲ್ಪ ದಿನಗಳಲ್ಲೇ ತಂದೆ ತೀರಿಕೊಂಡರು. ಮನೆಗೆ ಆಸರೆಯಾಗಲು ಬ್ಯಾಂಕ್ ಕೆಲಸ ಹಿಡಿಯಬೇಕಾಯಿತು. 1895ರಲ್ಲಿ ಆ ಕೆಲಸ ಬಿಟ್ಟು ಪೂರ್ತಿಯಾಗಿ ಸಂಗೀತಕ್ಕೇ ಇಳಿದರು. ಹವ್ಯಾಸಿ ವಾದ್ಯವೃಂದವೊಂದರಲ್ಲಿ ಪರಿಚಯವಾದ ಅಲೆಕ್ಸಾಂಡರ್ ಝೆಮ್ಲಿನ್‌ಸ್ಕಿ ಅವರಿಂದ ಒಂದಿಷ್ಟು ಪಾಠವಾಯಿತು. ಅವರು ಪಡೆದ ಕ್ರಮಬದ್ಧ ಶಿಕ್ಷಣ ಎಂದರೆ ಅಷ್ಟೇ. ಕಾರ್ಮಿಕರ ಗಾಯನ ತಂಡಗಳನ್ನು ನಡೆಸಿದರು. ಹೊಟ್ಟೆಪಾಡಿಗಾಗಿ ಬೇರೆಯವರ ಲಘು ಸಂಗೀತ ನಾಟಕಗಳಿಗೆ ವಾದ್ಯಗಳ ಭಾಗವನ್ನು ಪುಟಗಟ್ಟಲೆ ಬರೆದುಕೊಟ್ಟರು.

1913ನೇ ಇಸವಿ ಅವರಿಗೆ ಎರಡು ಮುಖ ತೋರಿಸಿತು. ಫೆಬ್ರವರಿ 23ರಂದು ‘ಗುರೆ-ಲೀಡರ್’ ಎಂಬ ಅವರ ಬೃಹತ್ ಕೃತಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ಪ್ರಸ್ತುತವಾದಾಗ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಷೋನ್‌ಬರ್ಗ್ ವಾದ್ಯಗಾರರಿಗೆ ತಲೆಬಾಗಿದರೇ ಹೊರತು ಅಷ್ಟು ವರ್ಷ ತಮ್ಮನ್ನು ಹೀಯಾಳಿಸಿದ್ದ ಸಭೆಯ ಕಡೆ ತಿರುಗಲಿಲ್ಲ. ಐದು ವಾರಗಳ ನಂತರ, ಮಾರ್ಚ್ 31ರಂದು, ಅದೇ ನಗರದಲ್ಲಿ ಅವರು ತಮ್ಮದೂ ತಮ್ಮ ಶಿಷ್ಯರಾದ ಆಲ್ಬನ್ ಬರ್ಗ್, ಆಂಟನ್ ವೇಬರ್ನ್ ಅವರದೂ ಹೊಸ ರಚನೆಗಳನ್ನು ನುಡಿಸಿದಾಗ ಸಭೆಯಲ್ಲಿ ಕೂಗಾಟ, ಕೈಕೈ ಮಿಲಾಯಿಸುವಿಕೆ ನಡೆದು ಕಛೇರಿ ಅರ್ಧಕ್ಕೇ ನಿಂತಿತು.

ಜನರಿಗೆ ಅಷ್ಟು ಸಿಟ್ಟು ಬರಲು ಕಾರಣವೇನು? ಹಾರ್ಮೋನಿಯಂ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಷಡ್ಜದಿಂದ ಹೊರಟು ಮುಂದಿನ ಷಡ್ಜ ಮುಟ್ಟುವ ಮೊದಲು ಬಿಳಿ ಏಳು, ಕಪ್ಪು ಐದು, ಒಟ್ಟು ಹನ್ನೆರಡು ಸ್ವರಗಳಿವೆ. ನಾವು ಕೇಳುವ ಹಾಡುಗಳಲ್ಲಿ ಒಂದು ಸ್ವರ ಮನೆಯಿದ್ದಂತೆ. ಹಾಡು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಅಲ್ಲಿಗೇ ಮರಳುತ್ತದೆ. ಸುಮಾರು 1908ರಿಂದ ಷೋನ್‌ಬರ್ಗ್ ಈ ಮನೆಯನ್ನೇ ಬಿಟ್ಟು ಹೊರಟರು. ಕಿವಿಗೆ ಆಸರೆ ತಪ್ಪಿದಂತಾಯಿತು.

ಅವರು ನಿಯಮಗಳನ್ನು ಮುರಿದವರೆಂದು ಅನೇಕರು ಹೇಳುತ್ತಾರೆ. ನನಗೆ ಕಂಡಂತೆ ಅವರು ನಿಯಮವಿಲ್ಲದೆ ಇರಲಾರದ ಮನುಷ್ಯ. ವರ್ಷಗಳ ಹುಡುಕಾಟದ ನಂತರ 1920ರ ದಶಕದ ಆರಂಭದಲ್ಲಿ ಹೊಸ ಕ್ರಮವೊಂದನ್ನು ರೂಪಿಸಿದರು. ಹನ್ನೆರಡು ಸ್ವರಗಳನ್ನು ಒಂದು ಸಾಲಾಗಿ ಜೋಡಿಸಬೇಕು. ಹನ್ನೆರಡೂ ಬರುವ ತನಕ ಹಿಂದಿನ ಸ್ವರಕ್ಕೆ ಮರಳುವಂತಿಲ್ಲ. ಆ ಸಾಲನ್ನು ಹಿಂದುಮುಂದಾಗಿ, ತಲೆಕೆಳಗಾಗಿ, ತಲೆಕೆಳಗು ಮಾಡಿದ್ದನ್ನು ಮತ್ತೆ ಹಿಂದುಮುಂದಾಗಿ ನುಡಿಸಬಹುದು. ಯಾವ ಸ್ವರದಿಂದ ಬೇಕಾದರೂ ಶುರು ಮಾಡಬಹುದು. ಹೀಗೆ ನಾಲ್ಕು ರೂಪ, ಹನ್ನೆರಡು ಆರಂಭ, ಒಟ್ಟು 48 ಸಾಲುಗಳು. ಯಾವ ಸ್ವರವೂ ದೊಡ್ಡದಲ್ಲ, ಯಾವುದೂ ಚಿಕ್ಕದಲ್ಲ.

ಇದೇ ಹೊತ್ತಿಗೆ, 1921ರ ಬೇಸಿಗೆಯಲ್ಲಿ, ಅವರು ಕುಟುಂಬ ಸಮೇತ ಸಾಲ್ಜ್‌ಬರ್ಗ್ ಬಳಿಯ ಮಾಟ್ಸೀ ಎಂಬ ಊರಿಗೆ ಹೋಗಿದ್ದರು. ಯಹೂದಿಗಳು ಊರು ಬಿಡಬೇಕೆಂಬ ಒತ್ತಡ ಬಂತು. ಷೋನ್‌ಬರ್ಗ್ 1898ರಲ್ಲೇ ಕ್ರೈಸ್ತ ಧರ್ಮಕ್ಕೆ ಸೇರಿದ್ದರು. ಆ ಕಾಗದ ತೋರಿಸಿ ಉಳಿಯಬಹುದಿತ್ತು. ತೋರಿಸದೆ ಹೊರಟುಬಿಟ್ಟರು. ಮುಂದೆ ಬರ್ಲಿನ್‌ನ ಪ್ರಷ್ಯನ್ ಕಲಾ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾದರೂ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಆ ಹುದ್ದೆಯೂ ಹೋಯಿತು. ಪ್ಯಾರಿಸ್‌ಗೆ ಹೋಗಿ, ಅದೇ ಜುಲೈಯಲ್ಲಿ ಯಹೂದಿ ಧರ್ಮಕ್ಕೆ ಮರಳಿದರು. ಆ ಧರ್ಮದವರೆಂದು ಹೇಳಿಕೊಳ್ಳುವುದೇ ಅಪಾಯವಾಗಿದ್ದ ಕಾಲದಲ್ಲಿ ಅವರು ಹಾಗೆ ಹೇಳಿಕೊಂಡರು ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಅದೇ ವರ್ಷ ಅಮೆರಿಕ ಸೇರಿದರು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು. ತಮ್ಮ ಹೊಸ ಕ್ರಮವನ್ನು ಅವರು ವಿದ್ಯಾರ್ಥಿಗಳ ಮೇಲೆ ಹೇರಲಿಲ್ಲ. ಬಾಖ್, ಮೊಝಾರ್ಟ್, ಬೀಥೋವನ್, ಬ್ರಾಮ್ಸ್ ಅವರ ಕೃತಿಗಳನ್ನು ಬಿಡಿಸಿ ನೋಡುವುದನ್ನೇ ಕಲಿಸಿದರು. ಹಳೆಯದನ್ನು ಅರಿಯದವನು ಹೊಸದನ್ನು ಮಾಡಲಾರ ಎಂಬುದು ಅವರ ನಂಬಿಕೆಯಾಗಿತ್ತು. 1944ರಲ್ಲಿ, ಎಪ್ಪತ್ತು ತುಂಬಿದಾಗ, ನಿವೃತ್ತಿ ಮಾಡಿಸಲಾಯಿತು. ಸೇವೆಯ ವರ್ಷಗಳು ಕಡಿಮೆಯಾದ್ದರಿಂದ ಪಿಂಚಣಿ ತೀರಾ ಅಲ್ಪ. ಮನೆಯಲ್ಲಿ ಚಿಕ್ಕ ಮಕ್ಕಳು. ಅರ್ಧಕ್ಕೆ ನಿಂತ ಕೃತಿಗಳನ್ನು ಮುಗಿಸಲು ಗುಗೆನ್‌ಹೈಮ್ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಖಾಸಗಿ ಪಾಠ ಹೇಳುತ್ತಲೇ ಬದುಕಿದರು.

ಹೀಗೆ ಉಳಿದುಹೋದ ಕೃತಿಗಳಲ್ಲಿ ‘ಮೋಸೆಸ್ ಉಂಡ್ ಆರೋನ್’ ಎಂಬ ಸಂಗೀತ ನಾಟಕವೂ ಒಂದು. ಮೋಸೆಸ್ ಎಂದರೆ ನಾವು ಹೇಳುವ ಪ್ರವಾದಿ ಮೂಸಾ (ಅ), ಆರೋನ್ ಎಂದರೆ ಹಾರೂನ್ (ಅ). ಪ್ರವಾದಿಗಳನ್ನು ರಂಗದ ಮೇಲೆ ತರುವುದು ನಮ್ಮಲ್ಲಿ ಸಮ್ಮತವಲ್ಲ. ಚಿನ್ನದ ಕರುವಿನ ಪ್ರಸಂಗವನ್ನೂ ಅವರು ಬೈಬಲ್ ಪ್ರಕಾರ ಬರೆದಿದ್ದಾರೆ. ಕುರ್‌ಆನ್ ಪ್ರಕಾರ ಕರುವನ್ನು ಮಾಡಿದವನು ಸಾಮಿರಿ, ಹಾರೂನ್ (ಅ) ಜನರನ್ನು ತಡೆಯಲು ಯತ್ನಿಸಿದವರು. ಆದರೆ ತನ್ನ ನಾಲಗೆಯ ಗಂಟು ಬಿಚ್ಚುವಂತೆಯೂ ಸಹೋದರನನ್ನು ಜೊತೆಗೆ ಕೊಡುವಂತೆಯೂ ಮೂಸಾ (ಅ) ಮಾಡಿದ ಪ್ರಾರ್ಥನೆಯನ್ನು ನಾವೆಲ್ಲ ಬಲ್ಲೆವು. ಷೋನ್‌ಬರ್ಗ್‌ರ ಕೃತಿಯಲ್ಲಿ ಆರೋನ್ ಹಾಡುತ್ತಾನೆ, ಮೋಸೆಸ್ ಬಹುಪಾಲು ಮಾತನ್ನೇ ಆಡುತ್ತಾನೆ. ಕಣ್ಣಿಗೆ ಕಾಣದ ಒಬ್ಬನೇ ದೇವರ ವಿಚಾರವನ್ನು ಯಾವ ಮಾತಿನಲ್ಲಿ ಜನರಿಗೆ ಮುಟ್ಟಿಸುವುದು ಎಂಬುದೇ ಅದರ ತಿರುಳು. ಎರಡು ಅಂಕಗಳಿಗೆ 1932ರೊಳಗೆ ಸಂಗೀತ ಬರೆದರು. ಮೂರನೆಯದಕ್ಕೆ ಮಾತುಗಳಿವೆ, ಸಂಗೀತ ಬರೆಯುವುದು ಕೊನೆಗೂ ಆಗಲಿಲ್ಲ.

1947ರಲ್ಲಿ, ಆರೋಗ್ಯ ಕೆಟ್ಟಿದ್ದರೂ, ನಾಝಿಗಳು ಕೊಂದವರ ನೆನಪಿಗೆ ‘ಎ ಸರ್ವೈವರ್ ಫ್ರಮ್ ವಾರ್ಸಾ’ ಬರೆದರು. ಸುಮಾರು ಏಳು ನಿಮಿಷದ ಈ ಕೃತಿಯಲ್ಲಿ ಒಬ್ಬ ನಿರೂಪಕ ನಡೆದದ್ದನ್ನು ಹೇಳುತ್ತಾ ಹೋಗುತ್ತಾನೆ. ಕೊನೆಯಲ್ಲಿ ಸಾವಿನ ಎದುರು ನಿಂತ ಗಂಡಸರೆಲ್ಲ ಒಟ್ಟಾಗಿ, ದೇವರು ಒಬ್ಬನೇ ಎಂದು ಸಾರುವ ತಮ್ಮ ಹೀಬ್ರೂ ಪ್ರಾರ್ಥನೆಯನ್ನು ಹಾಡುತ್ತಾರೆ. ಅವರ ಸಂಗೀತ ಅರ್ಥವಾಗುವುದಿಲ್ಲ ಎನ್ನುವವರು ಇದನ್ನು ಮೊದಲು ಕೇಳಲಿ. ಇಂಪಾಗಿದೆ ಎಂದು ನಾನು ಹೇಳಲಾರೆ. ಆ ವಿಷಯಕ್ಕೆ ಇಂಪು ಸಲ್ಲುವುದೂ ಇಲ್ಲ.

1951ರ ಜುಲೈ 13ರಂದು ಲಾಸ್ ಏಂಜಲೀಸ್‌ನಲ್ಲಿ ಷೋನ್‌ಬರ್ಗ್ ನಿಧನರಾದರು. ಅವರ ಚಿತಾಭಸ್ಮವನ್ನು 1974ರಲ್ಲಿ ವಿಯೆನ್ನಾಕ್ಕೆ ತರಲಾಯಿತು. ಗಲಾಟೆ ಮಾಡಿ ಅವರ ಕಛೇರಿ ನಿಲ್ಲಿಸಿದ ಆ ನಗರದಲ್ಲಿ ಇಂದು ಅವರ ಹಸ್ತಪ್ರತಿಗಳನ್ನು ಕಾಪಾಡುವ ಕೇಂದ್ರವಿದೆ.

ಚಪ್ಪಾಳೆ ಸಿಕ್ಕಿದಾಗ ಅವರು ಅದರ ಹಿಂದೆ ಹೋಗಲಿಲ್ಲ, ಕೂಗಾಟವಾದಾಗ ಕೆಲಸ ನಿಲ್ಲಿಸಲಿಲ್ಲ. ಅಂಕಗಳ ಚಿಂತೆಯಲ್ಲೇ ವರ್ಷ ಕಳೆಯುವ ನಮ್ಮಂಥವರು ವಿಶ್ವಕೋಶದ ಒಂದು ಸಂಪುಟಕ್ಕಾಗಿ ಕಾದು ಕುಳಿತ ಆ ಹುಡುಗನನ್ನು ಆಗಾಗ ನೆನೆಯುವುದು ಒಳ್ಳೆಯದು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ