ಉಲ್ಫ್ ಫಾನ್ ಆಯ್ಲರ್: ಉರಿಯೂತದ ದೂತನನ್ನು ಗುರುತಿಸಿದ ವಿಜ್ಞಾನಿ

ಆಸ್ಪಿರಿನ್ ಮಾತ್ರೆಯನ್ನು ಬಲ್ಲವರು ಅಸಂಖ್ಯ. ಅದು ತಡೆಯುವ ಪ್ರಾಸ್ಟಗ್ಲಾಂಡಿನ್‌ಗೆ ಹೆಸರಿಟ್ಟ ಉಲ್ಫ್ ಫಾನ್ ಆಯ್ಲರ್ ಅವರನ್ನು ಬಲ್ಲವರು ವಿರಳ.

1905ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜನಿಸಿದ ಆಯ್ಲರ್, 1929ರ ರಸಾಯನಶಾಸ್ತ್ರ ನೊಬೆಲ್ ಪುರಸ್ಕೃತ ಹಾನ್ಸ್ ಅವರ ಪುತ್ರ. 1930ರ ದಶಕದಲ್ಲಿ ವೀರ್ಯದ್ರವವನ್ನು ಪರೀಕ್ಷಿಸುತ್ತಿದ್ದಾಗ, ರಕ್ತದೊತ್ತಡ ತಗ್ಗಿಸುವ ಕೊಬ್ಬಿನ ಜಾತಿಯ ಆಮ್ಲವೊಂದು ಅವರ ಗಮನಕ್ಕೆ ಬಂತು. ಪ್ರಾಸ್ಟೇಟ್ ಗ್ರಂಥಿಯೇ ಅದರ ಮೂಲವೆಂದು ಭಾವಿಸಿ ಪ್ರಾಸ್ಟಗ್ಲಾಂಡಿನ್ ಎಂದು ಕರೆದರು. ಹೆಸರು ಉಳಿಯಿತು, ಊಹೆ ಉಳಿಯಲಿಲ್ಲ. ದೇಹದ ಬಹುತೇಕ ಎಲ್ಲ ಅಂಗಾಂಶಗಳೂ ಅದನ್ನು ತಯಾರಿಸುತ್ತವೆಂಬುದು ಮುಂದೆ ತಿಳಿಯಿತು.

ಗಾಯವಾದಾಗ ಜೀವಕೋಶದ ಪೊರೆಯಿಂದ ಬಿಡುಗಡೆಯಾಗುವ ಅರಾಕಿಡಾನಿಕ್ ಆಮ್ಲವು ಕಿಣ್ವಗಳ ನೆರವಿನಿಂದ ಪ್ರಾಸ್ಟಗ್ಲಾಂಡಿನ್ ಆಗಿ ಮಾರ್ಪಡುತ್ತದೆ. ಅದು ನೆರೆಯ ಕೋಶಗಳ ಗ್ರಾಹಕಗಳನ್ನು ಸೇರಿ ಸಂದೇಶ ಮುಟ್ಟಿಸುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಗಾಯದ ಭಾಗ ಕೆಂಪೇರಿ, ಊದಿಕೊಂಡು, ನೋಯುತ್ತದೆ.

1945ರಲ್ಲಿ ಆಯ್ಲರ್ ಈ ಸಂಶೋಧನೆಯನ್ನು ಮುಂದುವರಿಸುವ ಹೊಣೆಯನ್ನು ಸುನೆ ಬರ್ಗ್‌ಸ್ಟ್ರಾಮ್ ಅವರಿಗೆ ವಹಿಸಿ, ತಾವು ನರಗಳ ಅಧ್ಯಯನದತ್ತ ಹೊರಳಿದರು. ನಾರ್‌ಅಡ್ರಿನಲಿನ್ ಕುರಿತ ಶೋಧಕ್ಕೆ 1970ರ ನೊಬೆಲ್ ಗೌರವದಲ್ಲಿ ಪಾಲು ಪಡೆದರು. ಆಸ್ಪಿರಿನ್ ಪ್ರಾಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು.

1982ರಲ್ಲಿ ಪ್ರಾಸ್ಟಗ್ಲಾಂಡಿನ್ ಸಂಶೋಧನೆಗೆ ನೊಬೆಲ್ ಸಂದಾಗ ಪಡೆದವರು ಬರ್ಗ್‌ಸ್ಟ್ರಾಮ್, ಸಾಮುಯೆಲ್ಸನ್ ಮತ್ತು ವೇನ್. ತಾವು ಬಿತ್ತಿದ ಬೀಜದ ಫಲವನ್ನು ಕಣ್ಣಾರೆ ಕಂಡ ಆಯ್ಲರ್, 1983ರ ಮಾರ್ಚ್‌ನಲ್ಲಿ ನಿಧನರಾದರು.