ಶೂಬರ್ಟನೂ ಗಾಯಕ ಫೋಗ್ಲನೂ

ಕೃತಿಕಾರನ ಕೀರ್ತಿಯಲ್ಲಿ ಗಾಯಕನ ಪಾಲೆಷ್ಟು ಎಂಬ ಚರ್ಚೆಯು ಸಂಗೀತ ಬಲ್ಲವರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೃತಿಕಾರನು ಬಡವನೂ ಅಪ್ರಸಿದ್ಧನೂ ಆಗಿದ್ದಲ್ಲಿ ಗಾಯಕನ ಹೊಣೆಯು ಎಷ್ಟು ಹಿರಿದಾದುದೆಂಬುದನ್ನು ಆಸ್ಟ್ರಿಯ ದೇಶದ ಫ್ರಾನ್ಸ್ ಶೂಬರ್ಟನ ಚರಿತ್ರೆಯಿಂದ ತಿಳಿಯಬಹುದೆಂದು ನಾವು ಭಾವಿಸುತ್ತೇವೆ.

ಶೂಬರ್ಟನು 1797ರ ಜನವರಿ 31ರಂದು ವಿಯೆನ್ನಾ ನಗರದ ಹೊರಕೇರಿಯೊಂದರಲ್ಲಿ ಉಪಾಧ್ಯಾಯನೊಬ್ಬನ ಮಗನಾಗಿ ಜನಿಸಿದನು. ತಂದೆಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ಗೀತಗಳನ್ನು ರಚಿಸುತ್ತಿದ್ದನು. ಮಾತು ಕವಿಗಳದು, ಧಾತು ಈತನದು. 1815ನೆಯ ವರ್ಷವೊಂದರಲ್ಲಿಯೇ ನೂರಕ್ಕೂ ಮಿಕ್ಕ ಗೀತಗಳು ಹುಟ್ಟಿದವು. ಮರುವರ್ಷ ಮಿತ್ರರು ಕೆಲವನ್ನು ಮಹಾಕವಿ ಗಯಟೆಯ ಬಳಿಗೆ ಕಳುಹಿಸಿದರು. ಕಟ್ಟು ಹಿಂದಿರುಗಿತು; ಉತ್ತರ ಬರಲಿಲ್ಲ.

ಯೋಹಾನ್ ಮಿಖಾಯೆಲ್ ಫೋಗ್ಲನು ಆಗ ವಿಯೆನ್ನಾದ ಆಸ್ಥಾನ ನಾಟಕಶಾಲೆಯ ಪ್ರಖ್ಯಾತ ಗಾಯಕನು. ವಯಸ್ಸಿನಲ್ಲಿ ಶೂಬರ್ಟನಿಗಿಂತ 28 ವರ್ಷ ಹಿರಿಯನು. 1817ರಲ್ಲಿ ಶೋಬರನೆಂಬ ಮಿತ್ರನ ಒತ್ತಾಯಕ್ಕೆ ಕಟ್ಟುಬಿದ್ದು ಅರೆಮನಸ್ಸಿನಿಂದ ಈ ತರುಣನ ಮನೆಗೆ ಬಂದನು. ಕೆಲವೇ ವಾರಗಳಲ್ಲಿ ಆ ಅರೆಮನಸ್ಸು ಅನುರಾಗವಾಯಿತು. ಶೂಬರ್ಟನು ಪಿಯಾನೊ ನುಡಿಸುವುದು, ಫೋಗ್ಲನು ಹಾಡುವುದು, ಹೀಗೆ ಹನ್ನೊಂದು ವರ್ಷಗಳ ಸಹಯೋಗವು ಪ್ರಾರಂಭವಾಯಿತು.

1820ರಲ್ಲಿ ಶೂಬರ್ಟನ ಸಂಗೀತನಾಟಕವೊಂದು ರಂಗವನ್ನೇರಿದಾಗ ಅವಳಿ ಸೋದರರ ಎರಡು ಪಾತ್ರಗಳನ್ನೂ ಫೋಗ್ಲನೇ ವಹಿಸಿದನು. 1821ರ ಮಾರ್ಚ್ 7ರಂದು ಗಯಟೆಯ 'ಎರ್ಲ್‌ಕೋನಿಗ್' ಕವನಕ್ಕೆ ಶೂಬರ್ಟನು ಕಟ್ಟಿದ ಗೀತವನ್ನು ಮಹಾಸಭೆಯಲ್ಲಿ ಹಾಡಿ ಜನರ ಮನ್ನಣೆಯನ್ನು ಗಳಿಸಿಕೊಟ್ಟನು. ಪ್ರಕಾಶಕರು ಒಲ್ಲೆನೆಂದಿದ್ದ ಅದೇ ಗೀತವು ಮಿತ್ರರ ವಂತಿಗೆಯಿಂದ ಅದೇ ವರ್ಷ ಪ್ರಥಮ ಕೃತಿಯಾಗಿ ಅಚ್ಚಾಯಿತು. 1825ರ ಬೇಸಗೆಯಲ್ಲಿ ಈರ್ವರೂ ಲಿಂಟ್ಸ್, ಸಾಲ್ಜ್‌ಬರ್ಗ್ ಮೊದಲಾದ ಊರುಗಳಲ್ಲಿ ಸಂಚರಿಸಿ, ಗೃಹಸ್ಥರ ಮನೆಗಳಲ್ಲಿಯೂ ಕ್ರೈಸ್ತ ಮಠಗಳಲ್ಲಿಯೂ ಹಾಡಿದರು.

ಫೋಗ್ಲನು ನಿರ್ದೋಷಿಯೆಂದು ನಾವು ಹೇಳುವುದಿಲ್ಲ. ವಯಸ್ಸಾದಂತೆ ಕಂಠವು ಕುಂದಲು, ಕೃತಿಕಾರನು ಬರೆದಿಡದ ಅಲಂಕಾರಗಳನ್ನು ಸ್ವೇಚ್ಛೆಯಿಂದ ಸೇರಿಸುತ್ತಿದ್ದನು. ಇದನ್ನು ಕೃತಿಗೆ ಮಾಡಿದ ಅಪಚಾರವೆಂದವರುಂಟು. ಆದರೆ ಯಾರೂ ಹಾಡದೆ ಪೆಟ್ಟಿಗೆಯಲ್ಲಿ ಉಳಿಯುವ ಗೀತಕ್ಕೆ ಶುದ್ಧಿಯಿಂದ ಬರುವ ಫಲವಾದರೂ ಏನು?

ಆಸ್ಥಾನದಲ್ಲಿ ಉಪ ಸಂಗೀತಾಧ್ಯಕ್ಷನ ಪದವಿಗಾಗಿ ಶೂಬರ್ಟನು 1826ರಲ್ಲಿ ಸಲ್ಲಿಸಿದ ಅರ್ಜಿಯು ಫಲಿಸಲಿಲ್ಲ. 1828ರ ಮಾರ್ಚ್ 26ರಂದು ಕೇವಲ ತನ್ನ ಕೃತಿಗಳ ಕಚೇರಿಯೊಂದನ್ನು ನಡೆಸಿದನು. ಅರವತ್ತರ ಹೊಸ್ತಿಲಲ್ಲಿದ್ದ ಫೋಗ್ಲನು ಅಂದೂ ಹಾಡಿದನು. ಮೂರು ದಿನಗಳ ತರುವಾಯ ಪಿಟೀಲು ವಿದ್ವಾಂಸ ಪಗನೀನಿಯು ಅದೇ ನಗರದಲ್ಲಿ ನುಡಿಸಲು, ಊರೆಲ್ಲವೂ ಅತ್ತ ತಿರುಗಿತು. ನವೆಂಬರ್ 19ರಂದು ಶೂಬರ್ಟನು ತೀರಿಕೊಂಡನು. ಆಗ ಆತನಿಗೆ 31 ವರ್ಷ. ರಚಿಸಿದ ಗೀತಗಳು ಸುಮಾರು 600. ಫೋಗ್ಲನು 1840ರವರೆಗೆ ಜೀವಿಸಿದ್ದನು.

ಅಧಿಕಾರಸ್ಥರು ಕೊಡದ ಮನ್ನಣೆಯನ್ನು ಹಿರಿಯ ಕಲಾವಿದನೊಬ್ಬನು ತನ್ನ ಹೆಸರನ್ನೇ ಒತ್ತೆಯಿಟ್ಟು ಕೊಟ್ಟನು. ಕೀರ್ತಿವಂತರಾದವರು ಅಪರಿಚಿತನ ಮೆಟ್ಟಿಲನ್ನು ಒಮ್ಮೆ ಹತ್ತಿ ನೋಡುವುದು ಅವರ ಕರ್ತವ್ಯಗಳಲ್ಲೊಂದೆಂದು ನಾವು ಎಣಿಸುತ್ತೇವೆ.